ಮನೆ ಕಟ್ಟುವವರ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಧನಬಲ, ಜನಬಲ, ಮನೋಬಲಗಳೆಂಬ ಮೂರೂ ಈ ಎರಡು ಕಾರ್ಯಗಳಲ್ಲಿ ಪರೀಕ್ಷೆಗೆ ಒಳಗಾಗುತ್ತವೆ ಎಂಬುದು ಅದರ ತಾತ್ಪರ್ಯ. ಗಾದೆ ಹುಟ್ಟಿದ ಕಾಲದಲ್ಲಿ ಪರೀಕ್ಷೆ ಕಠಿಣವಾಗಿದ್ದರೂ ಅದರಲ್ಲಿ ಉತ್ತೀರ್ಣನಾಗುವ ಭರವಸೆ ಸಾಮಾನ್ಯ ಒಕ್ಕಲಿಗನಿಗೂ ಇತ್ತು. ಬೆಳೆಯುತ್ತಿರುವ ಇಂದಿನ ಮಹಾನಗರಗಳಲ್ಲಿ ಆ ಭರವಸೆ ಕಮರುತ್ತಲಿದೆ. ಅದರಲ್ಲಿಯೂ ನಗರದ ಮನೆಗಳನ್ನು ಕೈಯಾರೆ ಕಟ್ಟುವ ಶ್ರಮಿಕರಿಗೆ ಆ ನಗರದಲ್ಲಿ ತಲೆಯೂರಲು ಒಂದು ಕೋಣೆಯೂ ದೊರೆಯದಿರುವುದು ಈ ಕಾಲದ ದೊಡ್ಡ ವಿಪರ್ಯಾಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವೇನೂ ಅಲ್ಲ. ಅವರಲ್ಲಿ ಅನೇಕರ ಬಂಧುಬಳಗ ಅದೇ ಕೆಲಸಕ್ಕಾಗಿ ವರ್ಷವರ್ಷವೂ ಊರು ಬಿಟ್ಟು ಹೋಗುತ್ತದೆ.

ಮನೆ ಮತ್ತು ಒಕ್ಕಲು

ಕನ್ನಡ ನುಡಿಯಲ್ಲಿ ಕಟ್ಟಡಕ್ಕೂ ಮನೆಗೂ ಭೇದವುಂಟು. ಮನೆತನ, ಮನೆವಾರ್ತೆ, ಮನೆದೇವರು, ಮನೆಮಾತು ಮೊದಲಾದ ಸಮಸ್ತಪದಗಳಲ್ಲಿ ಗೋಡೆಯ ಸುಳಿವಿಲ್ಲ, ಬಾಳಿನ ಸುಳಿವಿದೆ. ‘ಒಕ್ಕಲು’ ಎಂಬ ಶಬ್ದವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ನೆಲೆಸಿರುವಿಕೆ, ನೆಲೆಸಿದ ಕುಟುಂಬ, ಗೇಣಿದಾರ, ಬೇಸಾಯಗಾರ ಎಂಬ ಅರ್ಥಗಳೆಲ್ಲವೂ ಅದಕ್ಕುಂಟು. ಮನೆಯನ್ನು ಹೊಗುವುದು ಒಕ್ಕಲಾಗುವುದು. ಮನೆಯಿಂದ ಹೊರಹಾಕುವುದು ಒಕ್ಕಲೆಬ್ಬಿಸುವುದು. ಆದುದರಿಂದ ಮನೆಯ ಪ್ರಶ್ನೆಯೆಂದರೆ ಕಲ್ಲು, ಇಟ್ಟಿಗೆ, ಸಿಮೆಂಟುಗಳ ಲೆಕ್ಕಕ್ಕೆ ಮುಗಿಯುವಂಥದಲ್ಲ. ಯಾರು ಎಲ್ಲಿ ಒಕ್ಕಲಾಗಿ ಬಾಳಬಲ್ಲರು ಎಂಬುದೇ ಅದರ ತಿರುಳು.

ಸೀಮೆಯ ಹಳೆಯ ಮನೆ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇವುಗಳ ಆಸುಪಾಸಿನ ಎರೆಭೂಮಿಯಲ್ಲಿ ಹಬ್ಬಿದ ಈ ನಾಲ್ಕು ಹಳೆಯ ತಾಲೂಕುಗಳಿಂದ ಈಚಿನ ವರ್ಷಗಳಲ್ಲಿ ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲೂಕುಗಳು ಒಡಮೂಡಿವೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಅದಕ್ಕೆ ತಕ್ಕಂತೆ ಇಲ್ಲಿಯ ಹಿರಿಯರು ದಪ್ಪ ಗೋಡೆಯ ಮಾಳಿಗೆಮನೆಗಳನ್ನು ಕಟ್ಟಿದರು. ಕಲ್ಲು ಮಣ್ಣುಗಳ ಗೋಡೆ. ಬೇವು ಜಾಲಿಗಳ ಕಂಬ, ತೊಲೆ, ಜಂತಿ. ಮೇಲೆ ಮಣ್ಣಿನ ಮೇಲ್ಮುದ್ದೆ. ಗಾಳಿ ಬೆಳಕಿಗೆ ಬೆಳಕಿಂಡಿ. ಪಡಸಾಲೆ, ಅಡುಗೆಮನೆ, ದೇವರಮನೆಗಳ ಜೊತೆಗೆ ಎತ್ತುಗಳಿಗೆ ಗೋದಲಿ, ಜೋಳಕ್ಕೆ ಹಗೇವು. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹಾಳುಮಣ್ಣು ಹಾಕುವುದು ವರ್ಷದ ಕೆಲಸಗಳಲ್ಲಿ ಒಂದಾಗಿತ್ತು.

ಈ ಮನೆಗಳು ದೋಷರಹಿತವೆಂದು ಹೇಳಲಾಗದು. ಹೆಮ್ಮಳೆಗೆ ಮಾಳಿಗೆ ಸೋರುತ್ತದೆ, ಗೋಡೆ ಕುಸಿದು ಪ್ರಾಣಹಾನಿಯಾಗುವುದೂ ಉಂಟು. ಬಡವನ ಗುಡಿಸಲಿಗೆ ದಪ್ಪ ಗೋಡೆಯ ಭಾಗ್ಯವೂ ಇರಲಿಲ್ಲ. ಆದರೆ ಅವುಗಳ ಅರ್ಥಶಾಸ್ತ್ರ ಗಮನಾರ್ಹವಾದುದು. ಮಣ್ಣು ಊರಿನದು, ಮರ ಹೊಲದ್ದು, ದುಡಿಮೆ ಬಹುಮಟ್ಟಿಗೆ ಮುಯ್ಯಾಳಿನದು. ಇಂದು ಇವನ ಮನೆಗೆ ಅವನು, ನಾಳೆ ಅವನ ಮನೆಗೆ ಇವನು. ರೊಕ್ಕ ಬೇಕಾಗುತ್ತಿದ್ದುದು ಬಡಿಗ, ಗೌಂಡಿ ಮೊದಲಾದ ಕುಶಲಕರ್ಮಿಗಳಿಗೆ ಮಾತ್ರ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಅಡಿಯ ನೆಲವು ಸಂತೆಯ ಸರಕಾಗಿರಲಿಲ್ಲ.

ನಗರದ ನೆಲದ ಬೆಲೆ

ಮಹಾನಗರದ ಸ್ಥಿತಿ ಇದಕ್ಕೆ ವಿರುದ್ಧ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65,37,124 ಇದ್ದುದು 2011ರ ಜನಗಣತಿಯಲ್ಲಿ 96,21,551ಕ್ಕೆ ಏರಿತು. ಹತ್ತೇ ವರ್ಷಗಳಲ್ಲಿ ಮೂವತ್ತು ಲಕ್ಷಕ್ಕೂ ಮಿಕ್ಕ ಜನ ಹೆಚ್ಚಿದರು. ಭೂಮಿ ಮಾತ್ರ ಒಂದು ಗೇಣೂ ಹೆಚ್ಚಲಿಲ್ಲ. ಕಟ್ಟಡವು ವರ್ಷ ಕಳೆದಂತೆ ಸವೆಯುತ್ತದೆ, ಅದರ ಬೆಲೆ ಇಳಿಯುತ್ತದೆ. ಅದರ ಕೆಳಗಿನ ನೆಲದ ಬೆಲೆಯಾದರೋ ಏರುತ್ತಲೇ ಇರುತ್ತದೆ. ಸರಕಾರ ರಸ್ತೆ ಮಾಡಿಸಿದರೆ, ನೀರು ತಂದರೆ, ರೈಲು ಓಡಿಸಿದರೆ, ಆ ಸಾರ್ವಜನಿಕ ವೆಚ್ಚದ ಲಾಭವೆಲ್ಲ ಪಕ್ಕದ ಖಾಲಿ ನಿವೇಶನದ ಒಡೆಯನಿಗೆ ಕುಳಿತಲ್ಲಿಯೇ ಸಲ್ಲುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಹೆನ್ರಿ ಜಾರ್ಜ್ 1879ರಷ್ಟು ಹಿಂದೆಯೇ ಈ ಅನ್ಯಾಯದತ್ತ ಬೆರಳು ತೋರಿದ್ದನು.

ಒಂದು ಸರಳ ಲೆಕ್ಕದಿಂದ ಇದರ ಪರಿಣಾಮವನ್ನು ತಿಳಿಯಬಹುದು. ಮನೆಗಾಗಿ 20 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 18,000 ರೂಪಾಯಿ. 240 ಕಂತುಗಳಲ್ಲಿ ತೆರುವ ಮೊತ್ತ 43 ಲಕ್ಷಕ್ಕೂ ಅಧಿಕ. ಗೌಂಡಿಯೊಬ್ಬನಿಗೆ ದಿನಕ್ಕೆ 800 ರೂಪಾಯಿಯಂತೆ ತಿಂಗಳಿಗೆ 22 ದಿನ ಕೆಲಸ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಅವನ ಗಳಿಕೆ 17,600 ರೂಪಾಯಿ. ಹೊಟ್ಟೆಗೆ ಅನ್ನವಿಲ್ಲದೆ, ಮಕ್ಕಳಿಗೆ ಬಟ್ಟೆಯಿಲ್ಲದೆ, ಗಳಿಸಿದ್ದನ್ನೆಲ್ಲ ಕೊಟ್ಟರೂ ಕಂತು ತೀರದು. ವಸತಿಗೆಂದು ಗಳಿಕೆಯ ಮೂರನೆಯ ಒಂದು ಪಾಲನ್ನು ತೆಗೆದಿಡುವುದೇ ಕಷ್ಟ. ಹಾಗೆ ತೆಗೆದಿಟ್ಟರೂ ಅವನಿಗೆ ನಿಲುಕುವ ಸಾಲ ಆರೂವರೆ ಲಕ್ಷ ಮಾತ್ರ. ಅಷ್ಟರಲ್ಲಿ ಮಹಾನಗರದ ನಿವೇಶನವೊಂದರ ಮೂಲೆಯೂ ಬಾರದು.

ಹಾಗಾದರೆ ನಗರಗಳಲ್ಲಿ ಮನೆಗಳೇ ಇಲ್ಲವೆ? ಕೇಂದ್ರ ಸರಕಾರ ನೇಮಿಸಿದ ತಜ್ಞರ ತಂಡವು 2012ರಲ್ಲಿ ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆಯೆಂದು ಅಂದಾಜು ಮಾಡಿತು. ಅದರಲ್ಲಿ ಶೇಕಡಾ 95ರಷ್ಟು ಬಡವರ ಮತ್ತು ಕಡಿಮೆ ವರಮಾನದವರ ಕೊರತೆ. ಆದರೆ 2011ರ ಜನಗಣತಿಯು ಅದೇ ನಗರಗಳಲ್ಲಿ 1.1 ಕೋಟಿಯಷ್ಟು ಮನೆಗಳು ಖಾಲಿ ಬಿದ್ದಿದ್ದುದನ್ನು ದಾಖಲಿಸಿತು. ಒಂದು ಕಡೆ ಮನೆಯಿಲ್ಲದ ಜನ, ಮತ್ತೊಂದು ಕಡೆ ಜನವಿಲ್ಲದ ಮನೆ. ಮನೆಯು ವಾಸದ ಸಾಧನವಾಗಿರುವುದನ್ನು ಬಿಟ್ಟು ಧನಸಂಚಯದ ಸಾಧನವಾದಾಗ ಹೀಗಾಗುತ್ತದೆ. ಆದಕಾರಣ ಮನೆಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಕೊರತೆ ನೀಗದು. ಯಾರಿಗೆ ನಿಲುಕುವ ಮನೆ ಕಟ್ಟಲಾಯಿತು ಎಂದು ಕೇಳಬೇಕು.

ಕಟ್ಟುವವರು

ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಜನ ಗುಳೆ ಹೋಗುವುದು ಹಳೆಯ ಸಂಗತಿ. 1876–78ರ ಘೋರ ಕ್ಷಾಮವನ್ನೂ, 1972ರ ಬರಗಾಲವನ್ನೂ ಜಿಲ್ಲೆ ಮರೆತಿಲ್ಲ. ಇಂದು ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ಹೊರಟ ಕುಟುಂಬಗಳು ಪುಣೆ, ಮುಂಬಯಿ, ಗೋವಾ, ಬೆಂಗಳೂರುಗಳನ್ನು ಸೇರಿ ಪಾಯ ತೋಡುತ್ತವೆ, ಕಾಂಕ್ರೀಟು ಹೊರುತ್ತವೆ, ಗಿಲಾವು ಮಾಡುತ್ತವೆ. ಕಟ್ಟಡ ಏರುವವರೆಗೆ ಅದರ ಬದಿಯ ತಗಡಿನ ಶೆಡ್ಡೇ ಅವರ ಮನೆ. ಕಟ್ಟಡ ಮುಗಿದು ಒಡೆಯರ ಗೃಹಪ್ರವೇಶವಾಗುವ ಹೊತ್ತಿಗೆ ಶೆಡ್ಡು ಕಿತ್ತು ಮತ್ತೊಂದು ಜಾಗಕ್ಕೆ ಹೋಗುತ್ತದೆ. 2020ರ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದಾಗ ಎಲ್ಲರಿಗೂ ಮನೆಯೊಳಗಿರಿ ಎಂದು ಹೇಳಲಾಯಿತು. ಮನೆಗಳನ್ನು ಕಟ್ಟಿದವರು ಮಾತ್ರ ಗಂಟುಮೂಟೆ ಹೊತ್ತು ಹೆದ್ದಾರಿಗೆ ಇಳಿಯಬೇಕಾಯಿತು.

ಈ ಸೀಮೆಗೆ ಮತ್ತೊಂದು ಬಗೆಯ ಅನುಭವವೂ ಉಂಟು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿ ಹೊಸ ಕೊಲ್ಹಾರ ಎದ್ದಿತು. ಬಾಗಲಕೋಟೆಗೆ ನವನಗರ ಬಂದಿತು. ಮುಳುಗುವ ಮನೆಯ ಕಂಬ, ತೊಲೆ, ಬಾಗಿಲ ಚೌಕಟ್ಟುಗಳನ್ನು ಬಿಚ್ಚಿ ಒಯ್ಯಬಹುದು; ಓಣಿಯನ್ನು ಬಿಚ್ಚಿ ಒಯ್ಯಲಾಗದು. ಪರಿಹಾರದ ಹಣವು ಗೋಡೆಗೆ ಬೆಲೆ ಕಟ್ಟಬಲ್ಲುದು. ನೆರೆಹೊರೆಗೆ, ಮುಯ್ಯಿಗೆ, ಸಾಲಕ್ಕೆ ಕೈನೀಡುವ ಪರಿಚಯಕ್ಕೆ ಬೆಲೆ ಕಟ್ಟಲಾರದು. ನಗರದ ಬಡಾವಣೆಗಳನ್ನು ಯೋಜಿಸುವವರು ಇದರಿಂದ ಕಲಿಯಬೇಕಾದುದು ಬಹಳವಿದೆ. ಬಡವರಿಗೆಂದು ಊರಾಚೆ ಹತ್ತಾರು ಮೈಲಿ ದೂರದಲ್ಲಿ ಕಟ್ಟಿದ ಮನೆಯಲ್ಲಿ ಗೋಡೆಯಿರುತ್ತದೆ, ದುಡಿಮೆಯಿರುವುದಿಲ್ಲ.

ಮಾಡಿದ್ದು, ಮಾಡಬೇಕಾದದ್ದು

ಸರಕಾರಗಳು ಸುಮ್ಮನೆ ಕುಳಿತಿವೆ ಎನ್ನುವುದು ಸತ್ಯಕ್ಕೆ ದೂರ. ರಾಜ್ಯದಲ್ಲಿ 1962ರಲ್ಲಿ ಗೃಹಮಂಡಳಿಯ ಕಾಯ್ದೆ ಬಂದಿತು. ಎಪ್ಪತ್ತರ ದಶಕದಲ್ಲಿ ಜನತಾ ಮನೆಗಳು ಎದ್ದವು. 1985ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991–92ರಲ್ಲಿ ರಾಜ್ಯದ ಆಶ್ರಯ, 2010ರಲ್ಲಿ ಬಸವ ವಸತಿ ಯೋಜನೆಗಳು ಬಂದವು. ಪ್ರಧಾನಮಂತ್ರಿ ಆವಾಸ್ ಯೋಜನೆ 2015ರಲ್ಲಿ ನಗರಗಳಿಗೂ 2016ರಲ್ಲಿ ಗ್ರಾಮಗಳಿಗೂ ಅನ್ವಯಿಸಿತು. ಬಯಲುನಾಡಿನ ಗ್ರಾಮಗಳ ಮನೆಗೆ ಆಗ 1,20,000 ರೂಪಾಯಿ ಸಹಾಯಧನ ಗೊತ್ತುಪಡಿಸಲಾಯಿತು. ಹಳ್ಳಿಯಲ್ಲಿ ಜಾಗವಿದ್ದವನಿಗೆ ಇದು ಆಧಾರ. ನಗರದಲ್ಲಿ ಜಾಗವೇ ಇಲ್ಲದವನಿಗೆ ಸಹಾಯಧನವು ನೆಲವಿಲ್ಲದ ಬೀಜದಂತೆ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಸಂಸತ್ತು ಮಾಡಿದ ಕಾಯ್ದೆಯು ಕಟ್ಟಡದ ವೆಚ್ಚದ ಮೇಲೆ ಸೆಸ್ ವಿಧಿಸಿ, ಆ ಹಣವನ್ನು ನೋಂದಾಯಿತ ಕಾರ್ಮಿಕರ ಕಲ್ಯಾಣಕ್ಕೆ ಮೀಸಲಿಟ್ಟಿತು. 2025ರ ನವೆಂಬರದಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಅದನ್ನು ತಮ್ಮೊಳಗೆ ಸೇರಿಸಿಕೊಂಡಿದ್ದರೂ ಸೆಸ್ಸಿನ ತತ್ತ್ವ ಉಳಿದಿದೆ. ತೊಡಕು ಇರುವುದು ಬೇರೆಡೆ. ಸೆಸ್ ಸಂಗ್ರಹವಾಗುವುದು ಕಟ್ಟಡ ಏಳುವ ರಾಜ್ಯದಲ್ಲಿ. ಕಾರ್ಮಿಕನ ಮನೆ, ಮಕ್ಕಳು, ಕಾಗದಪತ್ರಗಳಿರುವುದು ಇಂಡಿಯಲ್ಲಿಯೋ ಸಿಂದಗಿಯಲ್ಲಿಯೋ. ಪುಣೆಯ ಗೋಡೆಗೆ ಬೆವರು ಸುರಿಸಿದವನು ಯಾವ ಕಚೇರಿಯ ಬಾಗಿಲು ತಟ್ಟಬೇಕು?

ಪರಿಹಾರದ ದಾರಿಗಳು ಅಜ್ಞಾತವಾಗಿಲ್ಲ. ಸಿಂಗಪುರವು 1960ರಲ್ಲಿ ಗೃಹಮಂಡಳಿಯನ್ನು ಸ್ಥಾಪಿಸಿ, ನೆಲವನ್ನು ಸರಕಾರದ ವಶದಲ್ಲಿಟ್ಟುಕೊಂಡು ಮನೆಗಳನ್ನು ಕಟ್ಟಿತು; ಇಂದು ಅಲ್ಲಿಯ ನಿವಾಸಿಗಳಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಜನ ಅಂಥ ಮನೆಗಳಲ್ಲಿದ್ದಾರೆ. ನೆಲವನ್ನು ಹರಾಜಿಗೆ ಬಿಡದಿರುವುದೇ ಅದರ ಗುಟ್ಟು. ಪ್ರತಿಯೊಂದು ಹೊಸ ಬಡಾವಣೆಯಲ್ಲಿಯೂ ಚಿಕ್ಕ ಮನೆಗಳಿಗೆ ಪಾಲಿರಬೇಕು. ಕೆಲಸದ ಸ್ಥಳಕ್ಕೆ ಸಮೀಪದಲ್ಲಿ ಸುಲಭ ಬಾಡಿಗೆಯ ವಸತಿಗಳಿರಬೇಕು. 2020ರಲ್ಲಿ ಕೇಂದ್ರವು ಇಂಥ ಬಾಡಿಗೆ ವಸತಿಗಳ ಯೋಜನೆಯನ್ನು ಸಾರಿತು, ಅದು ವ್ಯಾಪಕವಾಗಬೇಕು. ಸ್ವಂತ ಊರಿನಲ್ಲಿ ಮುಳವಾಡ, ಚಿಮ್ಮಲಗಿ ಮೊದಲಾದ ಏತ ನೀರಾವರಿಗಳ ನೀರು ಹೊಲಕ್ಕೆ ಮುಟ್ಟಿದಷ್ಟೂ ಗುಳೆಯ ತಿಂಗಳುಗಳು ಕಡಿಮೆಯಾಗುತ್ತವೆ.

ಮಹಾಮನೆ

ಬಾಗೇವಾಡಿಯ ನೆಲದಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಒಂದು ಮನೆ ಮಾಡಿದರು. ಜನರು ಅದನ್ನು ಮಹಾಮನೆ ಎಂದರು. ಅದರ ವಿಸ್ತಾರವನ್ನು ಯಾರೂ ಅಳೆದು ಹೇಳಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಹೊರುವ ಮೋಳಿಗೆಯ ಮಾರಯ್ಯ ಮೊದಲಾದ ಕಾಯಕಜೀವಿಗಳಿಗೆ ಸಮಾನ ಗೌರವ ದೊರೆತ ಶರಣಸಮಾಜದ ಮನೆಯಾದುದರಿಂದ ಅದು ಮಹಾಮನೆಯಾಯಿತು. ಮುಂದೆ ಮಠಗಳು ಅದೇ ಭಾವವನ್ನು ಪ್ರಸಾದನಿಲಯಗಳ ರೂಪದಲ್ಲಿ ಮುಂದುವರಿಸಿದವು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳು 1917ರಲ್ಲಿ ತೆರೆದ ಪ್ರಸಾದನಿಲಯ ಅದಕ್ಕೆ ನಿದರ್ಶನ. ತಂದೆ ತಾಯಿ ಗುಳೆ ಹೋದ ಕಾಲದಲ್ಲಿ ಮಗುವಿಗೆ ಅನ್ನ, ಅಕ್ಷರ, ಹಾಸಿಗೆಗಳನ್ನು ಕೊಡುವ ಪ್ರಸಾದನಿಲಯವು ಆ ಮಗುವಿನ ಪಾಲಿಗೆ ನಿಜವಾದ ಮನೆಯೇ ಸರಿ.

ಈ ಶಾಲೆಗಳಿಂದ ಹೊರಡುವ ವಿದ್ಯಾರ್ಥಿಗಳಲ್ಲಿ ಮುಂದೆ ಕೆಲವರು ಎಂಜಿನಿಯರರಾಗುವರು, ಕೆಲವರು ಗುತ್ತಿಗೆದಾರರಾಗುವರು, ಕೆಲವರು ಪುರಸಭೆ ನಗರಸಭೆಗಳಲ್ಲಿ ಕುಳಿತು ಬಡಾವಣೆಗಳಿಗೆ ಒಪ್ಪಿಗೆ ಕೊಡುವರು. ನಕಾಶೆಯ ಮೇಲೆ ಸಹಿ ಮಾಡುವ ಮೊದಲು ಅವರು ಒಂದು ಮಾತನ್ನು ವಿಚಾರಿಸಲಿ: ಈ ಮನೆಗಳನ್ನು ಕಟ್ಟುವವರು ರಾತ್ರಿ ಎಲ್ಲಿ ಮಲಗುತ್ತಾರೆ? ಅದಕ್ಕೆ ಉತ್ತರ ನಕಾಶೆಯಲ್ಲಿಯೇ ಇರಬೇಕು.