ಪ್ಲಸ್ಸಾ, ಮೈನಸ್ಸಾ? ಪರಿಪೂರಕ ಕೋನವನ್ನ ಕೇಳಿ

ದಸರಾ ರಜೆಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳು ಏಳನೇ ಕ್ಲಾಸಿನ ಗಣಿತ ಪುಸ್ತಕ ತಂದು ಮುಂದೆ ಇಟ್ಟಳು. "ಅಣ್ಣಾ, ಪರಿಪೂರಕ ಕೋನಗಳು ಪಕ್ಕಪಕ್ಕದಲ್ಲೇ ಇರ್ಬೇಕಾ?"

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಆ ಪದವೇ ಗೊತ್ತಿರಲಿಲ್ಲ. ಪುಟ ತಿರುಗಿಸಿ ನೋಡಿದರೆ ನಮ್ಮ ಸಪ್ಲಿಮೆಂಟರಿ ಆ್ಯಂಗಲ್! (ಕ್ಯಾಂಪಸ್ಸಲ್ಲಿ ಸಪ್ಲಿಮೆಂಟರಿ ಅಂದ್ರೆ ನೆನಪಾಗೋದೇ ಬೇರೆ, ಅದು ಬಿಡಿ.)

ಪಕ್ಕದಲ್ಲಿ ಇರಬೇಕಾಗಿಲ್ಲ. ಎರಡು ಕೋನಗಳ ಮೊತ್ತ 180° ಆದರೆ ಸಾಕು. 110° ಗೋಡೆ ಮೇಲಿದ್ದು 70° ನೋಟ್‌ಬುಕ್ಕಲ್ಲಿದ್ದರೂ ಅವು ಪರಿಪೂರಕವೇ. ಪಕ್ಕದಲ್ಲೇ ಇದ್ದು, ಹೊರಗಿನ ಎರಡು ಬಾಹುಗಳು ಸೇರಿ ಒಂದೇ ಸರಳರೇಖೆ ಆದರೆ ಅದಕ್ಕೆ ಸರಳಯುಗ್ಮ ಅಂತ ಹೆಸರು. ಮೊತ್ತ 90° ಆದರೆ ಬರೀ ಪೂರಕ.

ಅವಳು ಪುಸ್ತಕ ಎತ್ತಿಕೊಂಡು ಆಟಕ್ಕೆ ಓಡಿದಳು. ನಾನು ಅಲ್ಲೇ ಕೂತೆ. ಯಾಕಂದ್ರೆ ಫಸ್ಟ್ ಇಯರ್ ಮೆಕ್ಯಾನಿಕ್ಸ್ ಇಂಟರ್ನಲ್ಸಲ್ಲಿ ನನ್ನ ಮಾರ್ಕ್ಸ್ ಹೋಗಿದ್ದು ಇದೇ ಜಾಗದಲ್ಲಿ.

ತ್ರಿಭುಜದ ಕೊಸೈನ್ ನಿಯಮದಲ್ಲಿ ಕೊನೆಯ ಪದದ ಹಿಂದೆ ಮೈನಸ್ ಇರುತ್ತೆ. ಎರಡು ಬಲಗಳ ರಿಸಲ್ಟೆಂಟ್ ಸೂತ್ರ ನೋಡೋಕೆ ಹಾಗೇ ಇದೆ, ಆದರೆ ಅಲ್ಲಿ ಪ್ಲಸ್. ನಾನು ಎರಡನ್ನೂ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಅದಲುಬದಲು ಮಾಡಿದೆ.

ಒಂದು ಕೊಕ್ಕೆಗೆ ಎರಡು ಹಗ್ಗ ಕಟ್ಟಿ, ಒಂದೊಂದನ್ನೂ 10 ನ್ಯೂಟನ್ ಬಲದಿಂದ ಎಳೀತಿದ್ದೀವಿ ಅಂದುಕೊಳ್ಳಿ. ಹಗ್ಗಗಳ ನಡುವೆ 60°. ಮೈನಸ್ ಹಾಕಿದರೆ 100 + 100 − 100, ಅಂದರೆ ಉತ್ತರ 10 ನ್ಯೂಟನ್. ಇಬ್ಬರು ಎಳೆದರೂ ಒಬ್ಬ ಎಳೆದಷ್ಟೇ! ಹೆಚ್ಚುಕಡಿಮೆ ಒಂದೇ ಕಡೆಗೆ ಎಳೀತಿದ್ದಾರಲ್ಲ, ಹಾಗಾಗೋಕೆ ಸಾಧ್ಯ ಇಲ್ಲ. ಪ್ಲಸ್ ಹಾಕಿದರೆ 300ರ ವರ್ಗಮೂಲ, ಸುಮಾರು 17.3 ನ್ಯೂಟನ್.

ಈಗ ಪೇಪರ್ ಮೇಲೆ ಬಿಡಿಸಿ. ಬಲಗಳನ್ನ ಕೂಡಿಸೋಕೆ ಮೊದಲನೇ ಬಾಣದ ತುದಿಗೆ ಎರಡನೇ ಬಾಣದ ಬಾಲ ಇಡ್ತೀವಿ. ಮೊದಲನೇ ಬಾಣವನ್ನ ಚುಕ್ಕಿಗೆರೆಯಲ್ಲಿ ಸ್ವಲ್ಪ ಮುಂದಕ್ಕೆ ಎಳೆಯಿರಿ. ಆ ಗೆರೆಗೂ ಎರಡನೇ ಬಾಣಕ್ಕೂ ನಡುವೆ ಇರೋದು 60°. ಆದರೆ ಅದು ತ್ರಿಭುಜದ ಹೊರಗಿದೆ. ಒಳಗಿನ ಕೋನ 120°. ಇವೆರಡೂ ಸರಳಯುಗ್ಮ! ಕೊಸೈನ್ ನಿಯಮಕ್ಕೆ ಬೇಕಾಗಿರೋದು ಒಳಗಿನದ್ದು. ಕಾಸ್ 120° ಅಂದ್ರೆ −½, ಮೈನಸ್ಸಿಗೆ ಮೈನಸ್ ಸೇರಿ ಪ್ಲಸ್. ಎರಡು ಸೂತ್ರ ಅಲ್ಲವೇ ಅಲ್ಲ, ಇರೋದು ಒಂದೇ.

ಸೈನ್‌ಗೆ ಈ ತಕರಾರು ಇಲ್ಲ. ತ್ರಿಜ್ಯ 1 ಇರೋ ವೃತ್ತದಲ್ಲಿ 60° ಮತ್ತು 120°ಯ ಬಿಂದುಗಳು ಒಂದೇ ಎತ್ತರದಲ್ಲಿವೆ, ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ಎತ್ತರ ಸೈನ್, ಅಡ್ಡದೂರ ಕಾಸ್. ಅದಕ್ಕೇ ಪರಿಪೂರಕ ಕೋನಗಳ ಸೈನ್ ಒಂದೇ, ಕಾಸ್‌ನ ಚಿಹ್ನೆ ಮಾತ್ರ ಉಲ್ಟಾ.

ಲಾಮಿ ಪ್ರಮೇಯ ನೆನಪಿದೆಯಾ? ಸಮತೋಲನದಲ್ಲಿರೋ ಮೂರು ಬಲಗಳು ಒಂದು ತ್ರಿಭುಜ ಆಗ್ತವೆ. ಅದರ ಒಳಕೋನಗಳು ಬಲಗಳ ನಡುವಿನ ಕೋನಗಳಿಗೆ ಪರಿಪೂರಕ. ಆದರೂ ನಾವು ನಡುವಿನ ಕೋನಗಳನ್ನೇ ನೇರವಾಗಿ ಸೈನ್‌ಗೆ ಹಾಕಿಬಿಡ್ತೀವಿ, ಯಾವ ತೊಂದರೆಯೂ ಆಗಲ್ಲ. ನಂಬಿಕೆ ಬರದಿದ್ದರೆ ಕೂಡಿಸಿ: ಬಲಗಳ ನಡುವಿನ ಮೂರು ಕೋನಗಳು ಒಟ್ಟು 360°. ಮೂರು ಸಲ 180° ಅಂದ್ರೆ 540°. ಅದರಲ್ಲಿ 360° ಕಳೆದರೆ ಉಳಿಯೋದು 180°, ಸರಿಯಾಗಿ ಒಂದು ತ್ರಿಭುಜಕ್ಕೆ ಬೇಕಾದಷ್ಟು.