ಪಲ್ಟಿ ನೇಗಿಲಿಗೆ ಹೈಡ್ರಾಲಿಕ್ ಜಾಕ್: ಕೊಳ್ಳೋ ಮುಂಚೆ ಈ ಲೆಕ್ಕ ಮಾಡಿ

ಹಗ್ಗ ಎಳೆದು ಲಾಕ್ ಬಿಡಿಸಿ ತಿರುಗಿಸುವ ಹಳೇ ಪಲ್ಟಿ ನೇಗಿಲು ನಿಮ್ಮಲ್ಲೂ ಇರಬಹುದು. ಅದಕ್ಕೆ ಹೈಡ್ರಾಲಿಕ್ ಜಾಕ್ ಕೂರಿಸಿದರೆ ಸೀಟಿನಲ್ಲಿ ಕೂತೇ ಲಿವರ್ ಒತ್ತಿ ತಿರುಗಿಸಬಹುದು. ನಮ್ಮ ಎರಡು ಫಾಳದ ನೇಗಿಲಿಗೆ ನಾನು ಹಾಕಿಸಿ ಬಳಸ್ತಾ ಇದ್ದೀನಿ. ಆ ಅನುಭವದಿಂದ ಒಂದೇ ಮಾತು ಹೇಳ್ತೀನಿ: ಜಾಕ್ ಕೊಳ್ಳೋದು ಕೊನೆಯ ಕೆಲಸ, ಮೊದಲನೆಯದಲ್ಲ.

ಲಾಭ ಎಷ್ಟು?

ಎರಡು ಫಾಳದ ನೇಗಿಲು ಒಂದು ಸಲಕ್ಕೆ ಸುಮಾರು 2 ಅಡಿ ಅಗಲ ಉಳುತ್ತದೆ ಅಂತ ಇಟ್ಟುಕೊಳ್ಳಿ. ಹೊಲ 100 ಮೀಟರ್ ಉದ್ದ ಇದ್ದರೆ ಒಂದು ಎಕರೆಗೆ ಸುಮಾರು 66 ಸಾಲು, ಅಂದರೆ 66 ಸಲ ಪಲ್ಟಿ. ಒಂದೊಂದು ಪಲ್ಟಿಗೆ 15 ಸೆಕೆಂಡ್ ಉಳಿದರೂ ಎಕರೆಗೆ 16 ನಿಮಿಷ ಉಳಿತಾಯ. ಹತ್ತು ಎಕರೆಗೆ ಎರಡೂವರೆ ಗಂಟೆಗಿಂತ ಜಾಸ್ತಿ. ಹೊಲ ಗಿಡ್ಡ ಇದ್ದಷ್ಟೂ ಪಲ್ಟಿ ಜಾಸ್ತಿ, ಲಾಭವೂ ಜಾಸ್ತಿ. ಆದರೆ ವರ್ಷಕ್ಕೆ ಎರಡೇ ಎಕರೆ ಉಳುವವರು ಈ ಖರ್ಚು ಮಾಡೋದು ಬೇಡ.

1. ಟ್ರ್ಯಾಕ್ಟರ್ ಹಿಂದೆ ಏನಿದೆ ನೋಡಿ

ಸೀಟಿನ ಹಿಂಭಾಗದಲ್ಲಿ ಹೋಸ್ ಸಿಕ್ಕಿಸುವ ಪೋರ್ಟ್ ಇದೆಯಾ? ಒಂದೇ ಇದ್ದರೆ ಅದು ಸಾಮಾನ್ಯವಾಗಿ ಸಿಂಗಲ್ ಆ್ಯಕ್ಟಿಂಗ್. ಆಯಿಲ್ ಜಾಕನ್ನು ಒಂದೇ ಕಡೆಗೆ ತಳ್ಳುತ್ತದೆ, ವಾಪಸ್ ಬರಲು ಭಾರವೇ ಬೇಕು. ಟ್ರೇಲರ್ ಎತ್ತಲು ಅಷ್ಟು ಸಾಕು. ಪಲ್ಟಿಗೆ ಮಾತ್ರ ತಳ್ಳೋದೂ ಬೇಕು, ಎಳೆಯೋದೂ ಬೇಕು. ಹಾಗಾಗಿ ಎರಡು ಪೋರ್ಟಿನ ಡಬಲ್ ಆ್ಯಕ್ಟಿಂಗ್ ವಾಲ್ವ್ ಇರಬೇಕು.

ಅದು ಇಲ್ಲದಿದ್ದರೆ ಹೊರಗಿನಿಂದ ಹಾಕಿಸಬಹುದು. ಆದರೆ ಆಯಿಲ್ ಎಲ್ಲಿಂದ ತೆಗೆಯಬೇಕು, ಎಲ್ಲಿಗೆ ವಾಪಸ್ ಬಿಡಬೇಕು ಅನ್ನೋದು ಪ್ರತಿ ಮಾಡೆಲ್‌ಗೂ ಬೇರೆ. ನಿಮ್ಮ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ವಾರಂಟಿ ಇನ್ನೂ ಇದ್ದರೆ ಒಪ್ಪಿಗೆಯನ್ನು ಬರವಣಿಗೆಯಲ್ಲೇ ತಗೊಳ್ಳಿ.

ಇನ್ನೊಂದು ವಿಷಯ: ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಲಿಫ್ಟ್‌ಗೂ ಹೊರಗಿನ ಪೋರ್ಟ್‌ಗೂ ಪಂಪ್ ಒಂದೇ. ಎರಡನ್ನೂ ಒಟ್ಟಿಗೆ ನಡೆಸಿದರೆ ಒಂದು ನಿಲ್ಲುತ್ತದೆ ಇಲ್ಲವೇ ನಿಧಾನವಾಗುತ್ತದೆ. ಮೊದಲು ಪೂರ್ತಿ ಎತ್ತಿ, ಆಮೇಲೆ ಪಲ್ಟಿ ಮಾಡಿ.

2. ಜಾಕಿನ ಸೈಜ್ ಲೆಕ್ಕ ಹಾಕಿ

ಬಲ ಅಂದರೆ ಒತ್ತಡ ಗುಣಿಸು ಪಿಸ್ಟನ್ನಿನ ವಿಸ್ತೀರ್ಣ. 63 ಮಿ.ಮೀ. ಬೋರ್‌ನ ಜಾಕಿಗೆ ಸುಮಾರು 31 ಚದರ ಸೆಂ.ಮೀ. ವಿಸ್ತೀರ್ಣ. ಪ್ರತಿ ಚದರ ಸೆಂ.ಮೀ.ಗೆ 150 ಕೆಜಿ ಒತ್ತಡ ಸಿಕ್ಕರೆ ಸುಮಾರು 4.7 ಟನ್ ತಳ್ಳುತ್ತದೆ. ಎಳೆಯುವಾಗ ಅಷ್ಟು ಬಲ ಇರಲ್ಲ, ಯಾಕಂದ್ರೆ ರಾಡ್ ಜಾಗ ತಿನ್ನುತ್ತದೆ. ರಾಡ್ 35 ಮಿ.ಮೀ. ಇದ್ದರೆ ಎಳೆಯುವ ಬಲ ಸುಮಾರು 3.2 ಟನ್. ನೇಗಿಲನ್ನು ನೆತ್ತಿಗೆ ಎತ್ತುವಾಗ ನಿಮ್ಮ ಜೋಡಣೆಯಲ್ಲಿ ಜಾಕ್ ಎಳೆಯುತ್ತದಾ, ತಳ್ಳುತ್ತದಾ ಅಂತ ನೋಡಿ, ಆ ಕಡೆಯ ಬಲವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇದೇ ಜಾಕ್ 20 ಸೆಂ.ಮೀ. ಉದ್ದ ಚಾಚಲು 620 ಮಿಲಿ ಆಯಿಲ್ ಬೇಕು. ನಿಮಿಷಕ್ಕೆ 20 ಲೀಟರ್ ಕೊಡುವ ಪಂಪ್ ಅದನ್ನು ಎರಡೇ ಸೆಕೆಂಡಿನಲ್ಲಿ ತುಂಬುತ್ತದೆ. ಅಷ್ಟು ಜೋರಾಗಿ ನೇಗಿಲು ಬಡಿದರೆ ಸ್ಟಾಪರ್ ಬೋಲ್ಟ್ ಕಿತ್ತುಬರಬಹುದು, ಫ್ರೇಮ್ ಸೀಳಬಹುದು. ಅದಕ್ಕೆ ಹರಿವನ್ನು ತಗ್ಗಿಸುವ ಫ್ಲೋ ಕಂಟ್ರೋಲ್ ವಾಲ್ವ್ ಹಾಕಿಸಿ. ಸಣ್ಣ ಖರ್ಚು, ಬಿಡಬೇಡಿ.

3. ಕೂರಿಸುವಾಗ

ಬ್ರಾಕೆಟ್ ವೆಲ್ಡಿಂಗ್ ಎಲ್ಲಾ ಮುಗಿದ ಮೇಲೆ ಜಾಕ್ ಜೋಡಿಸಿ. ಜಾಕ್ ಇರುವಾಗಲೇ ವೆಲ್ಡ್ ಮಾಡಿದರೆ ರಾಡ್, ಸೀಲ್ ಎರಡೂ ಹಾಳಾಗಬಹುದು. ವೆಲ್ಡಿಂಗ್ ಹೊತ್ತಿಗೆ ನೇಗಿಲನ್ನು ಟ್ರ್ಯಾಕ್ಟರ್‌ನಿಂದ ಬಿಚ್ಚಿಡಿ.

ಹೋಸ್ ಮೇಲೆ ಬರೆದಿರುವ ವರ್ಕಿಂಗ್ ಪ್ರೆಶರ್ ನಿಮ್ಮ ಟ್ರ್ಯಾಕ್ಟರ್‌ನ ರಿಲೀಫ್ ಪ್ರೆಶರ್‌ಗಿಂತ ಹೆಚ್ಚಿರಬೇಕು. ನೇಗಿಲನ್ನು ಮೇಲೆ, ಕೆಳಗೆ, ಎರಡೂ ಮಗ್ಗುಲಿಗೆ ಇಟ್ಟು ಹೋಸ್ ಉದ್ದ ಅಳೆಯಿರಿ. ಎಳೆಯಬಾರದು, ಪಿಟಿಒ ಶಾಫ್ಟಿಗೆ ತಾಗಲೂಬಾರದು. ಥ್ರೆಡ್‌ಗೆ ನಲ್ಲಿಯ ಟೇಪ್ ಸುತ್ತಬೇಡಿ, ಅದರ ಚೂರು ವಾಲ್ವಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಕಪ್ಲರ್ ಸಿಕ್ಕಿಸೋ ಮುಂಚೆ ಪ್ರತಿ ಸಲ ಬಟ್ಟೆಯಿಂದ ಒರೆಸಿ, ಬಿಚ್ಚಿದ ಮೇಲೆ ಮುಚ್ಚಳ ಹಾಕಿ. ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಗೇರಿಗೂ ಹೈಡ್ರಾಲಿಕ್‌ಗೂ ಆಯಿಲ್ ಒಂದೇ. ಕಪ್ಲರ್‌ನ ಮಣ್ಣು ನೇರ ಅಲ್ಲಿಗೇ ಹೋಗುತ್ತೆ.

ಮೊದಲ ಸಲ ನಡೆಸುವಾಗ ಇಂಜಿನ್ ನಿಧಾನದಲ್ಲಿಟ್ಟು ಜಾಕನ್ನು ನಾಲ್ಕೈದು ಸಲ ಆಚೆ ಈಚೆ ಮಾಡಿ, ಒಳಗಿನ ಗಾಳಿ ಹೋಗಲಿ. ಆಮೇಲೆ ಆಯಿಲ್ ಮಟ್ಟ ನೋಡಿ. ಜಾಕ್ ಮತ್ತು ಹೋಸ್ ಕುಡಿದಷ್ಟು ಆಯಿಲ್ ಕಡಿಮೆ ಆಗಿರುತ್ತದೆ.

ಪಲ್ಟಿ ಸಾಲ್ತಿಲ್ಲ ಅಂತ ರಿಲೀಫ್ ವಾಲ್ವ್ ಬಿಗಿ ಮಾಡಲೇಬೇಡಿ. ಹೋಸ್, ಪಂಪು, ಹೌಸಿಂಗ್ ಯಾವುದಾದರೂ ಒಡೆಯಬಹುದು.

4. ಪ್ರಾಣದ ವಿಷಯ

ಹೋಸ್‌ನಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದರೂ ಆಯಿಲ್ ಚರ್ಮ ಸೀಳಿ ಒಳಗೆ ಹೋಗುವಷ್ಟು ಜೋರಿನಲ್ಲಿ ಬರುತ್ತದೆ. ಹೊರಗೆ ಕಾಣೋದು ಸೊಳ್ಳೆ ಕಚ್ಚಿದಷ್ಟು ಗಾಯ. ಮೊದಲಿಗೆ ನೋವೂ ಇಲ್ಲದಿರಬಹುದು. ಒಳಗೆ ಮಾತ್ರ ಮಾಂಸ ಕೊಳೆಯಲು ಶುರುವಾಗಿರುತ್ತದೆ. ತಡ ಮಾಡಿದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ. ಲೀಕ್ ಹುಡುಕಲು ಬೆರಳು ಆಡಿಸಬೇಡಿ. ದೂರದಿಂದ ರಟ್ಟಿನ ತುಂಡು ಹಿಡಿಯಿರಿ. ಆಯಿಲ್ ಚುಚ್ಚಿತು ಅನ್ನಿಸಿದರೆ ಅರಿಶಿನ ಹಚ್ಚಿ ಮನೆಯಲ್ಲಿ ಕೂರದೆ, ಆಗಲೇ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ, “ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ” ಅಂತ ಬಾಯಿಬಿಟ್ಟು ಹೇಳಿ.

ಹೋಸ್ ಬಿಚ್ಚುವಾಗ ನೇಗಿಲು ನೆಲಕ್ಕಿಳಿಸಿ, ಇಂಜಿನ್ ಆಫ್ ಮಾಡಿ, ಲಿವರ್ ಹಿಂದೆ ಮುಂದೆ ಆಡಿಸಿ ಒತ್ತಡ ತೆಗೆಯಿರಿ. ಪಲ್ಟಿ ಮಾಡುವ ಮುಂಚೆ ಹಿಂದೆ ತಿರುಗಿ ನೋಡಿ. ಮೊದಲು ಹಗ್ಗ ಎಳೆಯುವವನಿಗೆ ನೇಗಿಲು ತಿರುಗೋದು ಗೊತ್ತಿರ್ತಿತ್ತು. ಈಗ ಲಿವರ್ ಮುಟ್ಟಿದ್ದು ಹಿಂದೆ ನಿಂತ ತಮ್ಮನಿಗೋ ಮಗನಿಗೋ ಗೊತ್ತೇ ಆಗಲ್ಲ.

ಹಾಕಿಸೋದಾ, ಹೊಸದು ತಗೊಳ್ಳೋದಾ?

ಫ್ರೇಮ್ ಗಟ್ಟಿ ಇದ್ದು, ತಿರುಗುವ ಶಾಫ್ಟ್ ಬುಷ್‌ನಲ್ಲಿ ಆಡ್ತಾ ಇಲ್ಲ ಅಂದರೆ ಹಾಕಿಸಿ. ಫ್ರೇಮ್ ಸೀಳಿದ್ದರೆ ಅಥವಾ ವಾಲ್ವಿನಿಂದ ಹಿಡಿದು ಎಲ್ಲವೂ ಹೊಸದಾಗಿ ಬೇಕು ಅಂದರೆ, ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಕಂಪನಿ ಮಾಡಿದ ಹೈಡ್ರಾಲಿಕ್ ಪಲ್ಟಿ ನೇಗಿಲಿಗೆ ಈ ವರ್ಷ ಸಹಾಯಧನ ಇದೆಯಾ ಕೇಳಿ, ಎರಡೂ ಖರ್ಚು ಪಕ್ಕ ಪಕ್ಕ ಬರೆದು ನೋಡಿ.

ಇವತ್ತು ಸಂಜೆ ಟ್ರ್ಯಾಕ್ಟರ್ ನಿಲ್ಲಿಸಿದ ಮೇಲೆ ಮೂರು ಸಂಗತಿ ಮೊಬೈಲ್‌ನಲ್ಲಿ ಬರೆದುಕೊಳ್ಳಿ: ಪೋರ್ಟ್ ಎಷ್ಟು, ಪಂಪ್ ನಿಮಿಷಕ್ಕೆ ಎಷ್ಟು ಲೀಟರ್, ಗರಿಷ್ಠ ಒತ್ತಡ ಎಷ್ಟು. ಕೊನೆಯ ಎರಡು ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕದಲ್ಲಿರುತ್ತವೆ. ಜಾಕ್ ಅಂಗಡಿಗೆ ಹೋಗೋದು ಅದಾದ ಮೇಲೆ.