ವಿಶ್ವವಿದ್ಯಾನಿಲಯ ಮತ್ತು ಸಾರ್ವಜನಿಕ ಧನದ ವಿನಿಯೋಗ

ಆನೆಗುಡ್ಡೆಯ ವಿನಾಯಕ ದೇವಾಲಯದಿಂದ ಪ್ರಸಿದ್ಧವಾದ ಕುಂಭಾಶಿಯಿಂದ ಕುಂದಾಪುರದ ಸಂಯೋಜಿತ ಕಾಲೇಜಿಗೆ ಹೋಗಿ ಬರುವ ವಿದ್ಯಾರ್ಥಿನಿಗೆ ಪದವಿ ನೀಡುವುದು, ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯ. ಆ ಆವರಣವನ್ನು ಒಮ್ಮೆಯೂ ಕಾಣದೆ ಆಕೆ ಪದವೀಧರೆಯಾಗಬಹುದು. ಆದರೂ ಆಕೆ ಕಟ್ಟುವ ಪರೀಕ್ಷಾ ಶುಲ್ಕವೂ, ಆಕೆಯ ತಂದೆತಾಯಿಗಳು ತೆರುವ ತೆರಿಗೆಯ ಒಂದಂಶವೂ ಆ ಸಂಸ್ಥೆಯನ್ನು ಸೇರುತ್ತವೆ. ಆದುದರಿಂದ ಆ ಹಣದ ವಿನಿಯೋಗದ ಪ್ರಶ್ನೆ ವಿದ್ವಾಂಸರಿಗೆ ಮಾತ್ರ ಸೇರಿದುದಲ್ಲ.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ಅದರ ಸ್ನಾತಕೋತ್ತರ ಕೇಂದ್ರವು 1968ರಲ್ಲಿ ಕರಾವಳಿಗೆ ಬಂದಿತು. 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾನಿಲಯವಾಗಿ, ಅವಿಭಜಿತ ದಕ್ಷಿಣ ಕನ್ನಡ ಹಾಗೂ ಕೊಡಗು ಜಿಲ್ಲೆಗಳನ್ನು ತನ್ನ ವ್ಯಾಪ್ತಿಗೆ ಪಡೆಯಿತು. ಘಟ್ಟವನ್ನು ಹತ್ತಿ ಹೋಗಲಾರದ ಅನೇಕರಿಗೆ ಉಚ್ಚ ಶಿಕ್ಷಣ ಸಮೀಪಕ್ಕೆ ಬಂದುದರಿಂದ ಈ ವೆಚ್ಚ ಸಾರ್ಥಕವಾಯಿತೆಂಬುದು ನಿರ್ವಿವಾದ.

ರಾಜ್ಯದ ವಿಶ್ವವಿದ್ಯಾನಿಲಯಗಳ ಆದಾಯಕ್ಕೆ ಮುಖ್ಯವಾಗಿ ಮೂರು ಮೂಲಗಳಿವೆ: ರಾಜ್ಯ ಸರಕಾರದ ಅನುದಾನ, 1956ರಲ್ಲಿ ಶಾಸನಬದ್ಧವಾದ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಮೊದಲಾದ ಕೇಂದ್ರ ಸಂಸ್ಥೆಗಳ ನೆರವು, ಹಾಗೂ ಸಂಯೋಜನೆ ಮತ್ತು ಪರೀಕ್ಷೆಗಳ ಶುಲ್ಕ. ವೆಚ್ಚದಲ್ಲಿ ವೇತನ ಮತ್ತು ನಿವೃತ್ತಿ ವೇತನಗಳದೇ ಸಿಂಹಪಾಲು. ವಿದ್ಯಾರ್ಥಿಗಳು ಹತ್ತು ಸಾವಿರವಿರಲಿ, ಲಕ್ಷವಿರಲಿ, ಕುಲಪತಿ, ಕುಲಸಚಿವರು, ಹಣಕಾಸು ಅಧಿಕಾರಿ ಇರಲೇಬೇಕು. 2023ರಲ್ಲಿ ಕೊಡಗು ಸೇರಿದಂತೆ ಏಳು ಹೊಸ ವಿಶ್ವವಿದ್ಯಾನಿಲಯಗಳು ರಾಜ್ಯದಲ್ಲಿ ಆರಂಭವಾದಾಗ ಈ ಆಡಳಿತ ವೆಚ್ಚವೂ ಏಳು ಕಡೆ ಹೊಸದಾಗಿ ಹುಟ್ಟಿತು. ಕಾಲೇಜುಗಳು ಬೇರ್ಪಟ್ಟಂತೆ ಮಾತೃಸಂಸ್ಥೆಯ ಶುಲ್ಕಾದಾಯ ಕುಗ್ಗುತ್ತದೆ. ನಿವೃತ್ತರ ವೇತನದ ಹೊಣೆ ಮಾತ್ರ ಕುಗ್ಗುವುದಿಲ್ಲ. ಇಂತಹ ಸಂಸ್ಥೆಗಳನ್ನು ಮುಂದುವರಿಸಬೇಕೆ ಎಂಬುದನ್ನು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯೇ ಪರಿಶೀಲಿಸಬೇಕಾಯಿತು.

ಹಾಗೆಂದು ವೆಚ್ಚವನ್ನು ಇಳಿಸಿದ ಮಾತ್ರಕ್ಕೆ ಮಿತವ್ಯಯ ಸಾಧಿಸಿದಂತಾಗದು. ಖಾಯಂ ಹುದ್ದೆಗಳನ್ನು ಖಾಲಿಯಿರಿಸಿ ಅತಿಥಿ ಉಪನ್ಯಾಸಕರಿಂದಲೇ ಪಾಠ ಹೇಳಿಸಿದರೆ ತಲಾ ವೆಚ್ಚ ತಗ್ಗುವುದು ದಿಟ. ಆದರೆ ಸಂಶೋಧನೆಗೆ ಮಾರ್ಗದರ್ಶಕರು ದೊರೆಯದೆ, ಕೊಂಡ ಉಪಕರಣಗಳು ಧೂಳು ಹಿಡಿದರೆ, ಉಳಿಸಿದ ಹಣಕ್ಕಿಂತ ಕಳೆದುಕೊಂಡುದೇ ಅಧಿಕ.

ನಿಜವಾದ ಮಿತವ್ಯಯವು ಹಂಚಿಕೊಂಡು ಬಳಸುವುದರಲ್ಲಿದೆ. ಒಂದೊಂದು ವಿಶ್ವವಿದ್ಯಾನಿಲಯವೂ ಪ್ರತ್ಯೇಕವಾಗಿ ಹೊಂದಲಾರದ ವೇಗವರ್ಧಕ ಯಂತ್ರವನ್ನು ಎಲ್ಲರ ಉಪಯೋಗಕ್ಕೂ ಒದಗಿಸಲೆಂದು 1984ರಲ್ಲಿ ದೆಹಲಿಯಲ್ಲಿ ಅಂತರ ವಿಶ್ವವಿದ್ಯಾನಿಲಯ ಕೇಂದ್ರವೊಂದು ಸ್ಥಾಪಿತವಾಯಿತು. ಕೊಣಾಜೆಯಲ್ಲಿಯೂ ಮೈಕ್ರೋಟ್ರಾನ್ ಎಂಬ ವೇಗವರ್ಧಕವಿದೆ. ಗ್ರಂಥಾಲಯ, ಪ್ರಯೋಗಾಲಯ, ಪರೀಕ್ಷಾ ವ್ಯವಸ್ಥೆಗಳಲ್ಲಿಯೂ ನೆರೆಯ ಸಂಸ್ಥೆಗಳು ಇದೇ ಕ್ರಮವನ್ನು ಅನುಸರಿಸಿದರೆ, ಆಡಳಿತದಲ್ಲಿ ಉಳಿದ ಹಣವು ಅಧ್ಯಾಪಕರ ನೇಮಕಾತಿಗೆ ಒದಗೀತು.

ಜಿಲ್ಲೆಗೊಂದು ವಿಶ್ವವಿದ್ಯಾನಿಲಯದ ನಾಮಫಲಕ ದೊರೆತುದರಿಂದಲೇ ವಿದ್ಯೆ ಸಮೀಪವಾಗದು. ಕುಂಭಾಶಿಯ ಆ ವಿದ್ಯಾರ್ಥಿನಿಗೆ ತನ್ನ ಕಾಲೇಜಿನಲ್ಲಿಯೇ ಸಮರ್ಥ ಅಧ್ಯಾಪಕರು, ಬಳಕೆಯಲ್ಲಿರುವ ಪ್ರಯೋಗಾಲಯ, ಸಕಾಲದಲ್ಲಿ ಫಲಿತಾಂಶ ಇವು ದೊರೆತಾಗ ಮಾತ್ರ ಸಾರ್ವಜನಿಕ ಧನವು ಸದ್ವಿನಿಯೋಗವಾಯಿತೆಂದು ಹೇಳಬಹುದು.